ತೊಟ್ಟಿ ಮನೆ, ಕೊಬ್ಬರಿ ಅಟ್ಟ, ಒಂದು ದೆವ್ವ: ಗೊಡೋದಲ್ಲಿ ಹಾರರ್ ಗೇಮ್ ಮಾಡೋಕೆ ಪೂರ್ತಿ ಗೈಡ್

ಮೊದಲೇ ಹೇಳ್ಬಿಡ್ತೀನಿ, ನಾನು ಮಾಡಿದ ತಪ್ಪು ನೀವು ಮಾಡ್ಬೇಡಿ. ಗೇಮ್ ಮಾಡ್ಬೇಕು ಅಂತ ಕೂತಾಗ ನಾನು ಎಲ್ಲಕ್ಕಿಂತ ಮೊದಲು ಮಾಡಿದ್ದು ದೆವ್ವ. ಬಿಳಿ ಸೀರೆ, ಬಿಚ್ಚಿದ ಕೂದಲು, ಹಿಂದಕ್ಕೆ ತಿರುಗಿದ ಪಾದ, ಎಲ್ಲಾ 3ಡಿ ಮಾಡೆಲ್ ಮಾಡೋ ಬ್ಲೆಂಡರ್‌ನಲ್ಲಿ ಕೂತು ಒಂದೂವರೆ ತಿಂಗಳು ಕೆತ್ತಿದೆ, ಆಮೇಲೆ ಅದನ್ನ ಬೂದು ಬಣ್ಣದ ಖಾಲಿ ನೆಲದ ಮೇಲೆ ಓಡಾಡಿಸಿ ಚಿಕ್ಕಪ್ಪನ ಮಗನಿಗೆ ತೋರಿಸಿದ್ರೆ ಅವನು "ಏನೋ ಇದು, ಛತ್ರದಲ್ಲಿ ಚಪ್ಪಲಿ ಹುಡುಕ್ತಿರೋ ಅತ್ತೆ ಥರ ಐತೆ" ಅಂದ.

ಅದೇ ತಿಂಗಳು ತಿಪಟೂರು ಹತ್ರ ಅಜ್ಜಿ ಮನೆಗೆ ಹೋಗಿದ್ದೆ. ರಾತ್ರಿ ಕರೆಂಟ್ ಹೋಯ್ತು. ಅಟ್ಟದ ಮೇಲೆ ಏನೋ ಉರುಳ್ತು, ಲೊಟಲೊಟ ಅಂತ ಮೂರ್ನಾಲ್ಕು ಸಲ, ಆಮೇಲೆ ಸುಮ್ಮನಾಯ್ತು. ಅಲ್ಲಿ ದೆವ್ವನೂ ಇಲ್ಲ ಮಣ್ಣೂ ಇಲ್ಲ, ಇಲಿ ಓಡಾಡಿರೋದು ಅಂತ ನಂಗೂ ಗೊತ್ತು, ಆದ್ರೂ ಬಚ್ಚಲಿಗೆ ಎದ್ದು ಹೋಗೋಕೆ ಧೈರ್ಯ ಬರಲಿಲ್ಲ ಕಣ್ರೀ. ಗೊತ್ತಿಲ್ದೋರಿಗೆ: ನಮ್ಮ ಕಡೆ ತೆಂಗಿನಕಾಯಿನ ಕಿತ್ತ ತಕ್ಷಣ ಮಾರಲ್ಲ, ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ರ ಬಿಡ್ತಾರೆ, ಒಳಗಿನ ನೀರು ಬತ್ತಿ ತಿರುಳು ಚಿಪ್ಪಿನಿಂದ ಬಿಟ್ಕೊಂಡು ಉಂಡೆ ಕೊಬ್ಬರಿ ಆಗುತ್ತೆ, ಆಗ ಕಾಯಿ ಅಲ್ಲಾಡಿಸಿದ್ರೆ ಒಳಗೆ ಲೊಟಲೊಟ ಅನ್ನುತ್ತೆ. ಆ ರಾಶೀಲಿ ಒಂದು ಕಾಯಿ ಜಾರಿದ್ರೆ ಸಾಕು.

ಬೆಳಗ್ಗೆ ಎದ್ದು ದೆವ್ವದ ಫೈಲನ್ನ ಬೇರೆ ಫೋಲ್ಡರಿಗೆ ಎಸೆದೆ. ಮೊದಲು ಮನೆ, ಆಮೇಲೆ ಶಬ್ದ, ದೆವ್ವ ಕೊನೇಲಿ. ಈ ಗೈಡ್ ಹೋಗೋದೂ ಇದೇ ಆರ್ಡರಲ್ಲಿ.

ಏನೇನು ಬೇಕು

8 ಜಿಬಿ ರ‍್ಯಾಮ್ ಇರೋ ಮಾಮೂಲಿ ಲ್ಯಾಪ್‌ಟಾಪ್ ಸಾಕು, ಗ್ರಾಫಿಕ್ಸ್ ಕಾರ್ಡ್ ಇಲ್ದಿದ್ರೂ ನಡೆಯುತ್ತೆ. ಗೊಡೋ 4 ಡೌನ್‌ಲೋಡ್ ಮಾಡ್ಕೊಳಿ (ಗೇಮ್ ಕಟ್ಟೋ ಸಾಫ್ಟ್‌ವೇರ್ ಇದು, ಗೊಡಾಟ್ ಅಂತಾನೂ ಅಂತಾರೆ, ಹೆಂಗಾದ್ರೂ ಅನ್ನಿ). ಫ್ರೀ, ಎಂಐಟಿ ಲೈಸೆನ್ಸು, ನಾಳೆ ನಿಮ್ಮ ಗೇಮ್ ಮಾರಿ ದುಡ್ಡು ಮಾಡಿದ್ರೂ ಅವರಿಗೆ ಪಾಲು ಕೊಡ್ಬೇಕಾಗಿಲ್ಲ. ಇನ್‌ಸ್ಟಾಲ್ ಕೂಡ ಇಲ್ಲ, ಜಿಪ್ ಬಿಚ್ಚಿ ಡಬಲ್ ಕ್ಲಿಕ್. ಇದರ ಜೊತೆ ಬ್ಲೆಂಡರ್, ಶಬ್ದ ಕತ್ತರಿಸೋಕೆ ಆಡಾಸಿಟಿ, ರೆಕಾರ್ಡ್ ಮಾಡೋಕೆ ನಿಮ್ಮ ಫೋನು, ಮತ್ತೆ ಒಂದು ಹೆಡ್‌ಫೋನು. ಲ್ಯಾಪ್‌ಟಾಪ್ ಸ್ಪೀಕರಲ್ಲಿ ಕೇಳ್ಕೊಂಡು ಹಾರರ್ ಗೇಮ್ ಮಾಡೋದು ಉಪ್ಪು ನೋಡ್ದೆ ಸಾರು ಮಾಡ್ದಂಗೆ.

ಹೊಸ ಪ್ರಾಜೆಕ್ಟ್ ಮಾಡುವಾಗ ರೆಂಡರರ್ (ಸ್ಕ್ರೀನ್ ಮೇಲೆ ಚಿತ್ರ ಬಿಡಿಸೋ ವಿಧಾನ) ಯಾವುದು ಅಂತ ಕೇಳುತ್ತೆ: ಫಾರ್ವರ್ಡ್ ಪ್ಲಸ್, ಮೊಬೈಲ್, ಕಂಪ್ಯಾಟಿಬಿಲಿಟಿ. ಹಳೇ ಲ್ಯಾಪ್‌ಟಾಪ್ ಆದ್ರೆ, ಅಥವಾ ಬ್ರೌಸರಲ್ಲಿ ಆಡಿಸ್ಬೇಕು ಅಂದ್ರೆ ಕಂಪ್ಯಾಟಿಬಿಲಿಟಿ ಆರಿಸ್ಕೊಳಿ. ಅದ್ರಲ್ಲಿ ಬೆಳಕಿನ ಕಿರಣ ಕಾಣೋ ವಾಲ್ಯೂಮೆಟ್ರಿಕ್ ಮಂಜು ಸಿಗಲ್ಲ, ಡೀಕಾಲ್ (ಗೋಡೆ ನೆಲದ ಮೇಲೆ ಅಂಟಿಸೋ ಕಲೆ, ಚಿತ್ರ) ಕೂಡ ಸಿಗಲ್ಲ, ಮಾಮೂಲಿ ಮಂಜು ಸಿಗುತ್ತೆ. ನಮಗೆ ಸಾಕು.

ಹೆಜ್ಜೆ 1: ಕಥೆ ಒಂದು ಹಾಳೆ ಮೀರಬಾರದು

ನನ್ನ ಗೇಮ್ ಕಥೆ ಇಷ್ಟೇ. ಮೊಮ್ಮಗ ಊರಿಗೆ ಬರ್ತಾನೆ, ನಾಳೆ ಹನ್ನೊಂದು ಗಂಟೆಗೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಮನೆ ರಿಜಿಸ್ಟ್ರೇಷನ್ನು, ಅಜ್ಜನ ಹಳೇ ಕ್ರಯಪತ್ರ ಸಿಕ್ತಿಲ್ಲ. ಪತ್ರ ಅಟ್ಟದ ಮೇಲಿನ ಟ್ರಂಕಲ್ಲಿದೆ, ಟ್ರಂಕಿನ ಬೀಗದ ಕೈ ಹಗೇವಿನಲ್ಲಿದೆ (ರಾಗಿ ತುಂಬಿಡೋ ನೆಲದೊಳಗಿನ ಕಣಜ), ಮನೆ ಮಾರೋದು ಇಷ್ಟ ಇಲ್ಲದೋರು ಒಬ್ಬರು ಇನ್ನೂ ಆ ಮನೇಲೇ ಇದಾರೆ. ಇಪ್ಪತ್ತೈದು ನಿಮಿಷದ ಆಟ.

ಇಷ್ಟು ಚಿಕ್ಕದಾ ಅನ್ಬೇಡಿ. 1982ರಲ್ಲಿ ಅಟಾರಿ 2600ಗೆ 'ಹಾಂಟೆಡ್ ಹೌಸ್' ಅಂತ ಬಂತು, ಅದ್ರಲ್ಲಿ ಆಡೋನು ಅಂದ್ರೆ ಕತ್ತಲಲ್ಲಿ ಓಡಾಡೋ ಎರಡು ಕಣ್ಣು ಅಷ್ಟೇ, ಮನೆಯೊಳಗೆ ಒಡೆದ ಪಾತ್ರೆಯ ಮೂರು ಚೂರು ಹುಡುಕಿ ಹೊರಗೆ ತರ್ಬೇಕು. ಮುಖ ಇಲ್ಲ ಮೈ ಇಲ್ಲ, ಆದ್ರೂ ಕೆಲಸ ಮಾಡ್ತು. 2014ರ 'ಪಿ.ಟಿ.' ಅಂತೂ ಎಲ್ ಆಕಾರದ ಒಂದೇ ಒಂದು ಓಣಿನ ತಿರುಗಾ ಮುರುಗಾ ನಡೆಸಿ ಜನರ ನಿದ್ದೆ ಕೆಡಿಸಿದ ಗೇಮು. ಆರು ರೂಮು ಅಂದ್ರೆ ಅದೇ ದೊಡ್ಡ ಬಂಗಲೆ ಗುರು.

ಹೆಜ್ಜೆ 2: ಟೇಪ್ ಹಿಡ್ಕೊಂಡು ನಿಜವಾದ ಮನೆ ಅಳೀರಿ

ಇಂಟರ್ನೆಟ್ಟಲ್ಲಿ ಸಿಗೋ ವಿಕ್ಟೋರಿಯನ್ ಬಂಗಲೆ ಮಾಡೆಲ್ ತಗೊಂಡು ಅದರೊಳಗೆ ನಮ್ಮ ಮೋಹಿನಿನ ಬಿಟ್ರೆ ಅವಳೇ ದಾರಿ ತಪ್ಪಿ ಹೆದರ್ಕೋತಾಳೆ. ನಿಮಗೆ ಕತ್ತಲಲ್ಲೂ ಓಡಾಡೋಕೆ ಬರೋ ಮನೆ ಯಾವುದೋ ಅದನ್ನೇ ತಗೊಳಿ. ನಾನು ಅಜ್ಜಿ ಮನೆ ಅಳೀತಿದ್ರೆ ಅಜ್ಜಿ "ಯಾಕ್ಲಾ ಅಳೀತಿದೀಯ, ನಿಜವಾಗ್ಲೂ ಮಾರ್ಬುಡ್ತೀರಾ?" ಅಂತ ಗಾಬರಿ ಆದ್ರು, ಸಮಾಧಾನ ಮಾಡೋಕೆ ಅರ್ಧ ದಿನ ಹಿಡೀತು.

ಜಗಲಿ, ಪಡಸಾಲೆ, ಮಧ್ಯೆ ತೊಟ್ಟಿ, ನಡುಮನೆ, ದೇವರ ಮನೆ, ಅಡುಗೆ ಮನೆ, ಮೇಲೆ ಅಟ್ಟ. ಗೊಡೋದಲ್ಲಿ 1 ಯೂನಿಟ್ ಅಂದ್ರೆ 1 ಮೀಟರ್, ಅಡಿ ಲೆಕ್ಕ ಇದ್ರೆ 0.3ರಿಂದ ಗುಣಿಸಿ. ಸಿಎಸ್‌ಜಿ ಬಾಕ್ಸ್ ಅನ್ನೋ ನೋಡ್ (ಗೊಡೋದಲ್ಲಿ ಗೇಮ್ ಕಟ್ಟೋ ಒಂದೊಂದು ತುಂಡಿಗೂ ನೋಡ್ ಅಂತಾರೆ) ತಗೊಂಡು ಗೋಡೆ, ನೆಲ, ಕಂಬ ಎಲ್ಲಾ ಬರೀ ಡಬ್ಬಗಳಲ್ಲೇ ಕಟ್ಟಿ. ಚಂದ ಮಾಡೋಕೆ ಹೋಗ್ಬೇಡಿ, ಬಣ್ಣನೂ ಬೇಡ. ಎರಡು ಮೂರು ದಿನ ಆ ಡಬ್ಬದ ಮನೇಲೇ ಓಡಾಡಿ (ಓಡಾಡೋಕೆ ಬೇಕಾದ ಆಡೋನನ್ನ ಹೆಜ್ಜೆ 3ರಲ್ಲಿ ಮಾಡ್ತೀವಿ), ಎಲ್ಲಿ ಬೇಜಾರಾಗುತ್ತೆ, ಎಲ್ಲಿ ಮೂಲೆ ತಿರುಗುವಾಗ ಒಂದು ಕ್ಷಣ ನಿಲ್ಲಬೇಕು ಅನ್ಸುತ್ತೆ ಅಂತ ನೋಡ್ಕೊಳಿ. ಬಾಗಿಲನ್ನ ಹಳೇ ಕಾಲದ್ದರ ಥರ ಗಿಡ್ಡ ಮಾಡಿದ್ರೆ ತಲೆ ತಗ್ಗಿಸಿ ಹೋಗ್ಬೇಕು, ತಗ್ಗಿಸಿದಾಗ ಮುಂದೆ ಏನಿದೆ ಅಂತ ಕಾಣಲ್ಲ. ಹಳಬರು ನಮಗೋಸ್ಕರನೇ ಕಟ್ಟಿಟ್ಟಂಗಿದೆ.

ಡಬ್ಬದ ಮನೆ ಸರಿ ಅನ್ಸಿದ ಮೇಲೆ ಬ್ಲೆಂಡರಲ್ಲಿ ರೂಮಿಗೊಂದು ಮೆಶ್ (3ಡಿ ಆಕಾರ) ಮಾಡಿ ತನ್ನಿ. ಇಡೀ ಮನೆ ಒಂದೇ ಮೆಶ್ ಮಾಡ್ಬೇಡಿ. ಕಂಪ್ಯಾಟಿಬಿಲಿಟಿ ರೆಂಡರರಲ್ಲಿ ಒಂದು ಮೆಶ್ ಮೇಲೆ ಡೀಫಾಲ್ಟಾಗಿ 8 ಓಮ್ನಿ ಲೈಟು (ಬಲ್ಬಿನ ಥರ ಸುತ್ತಲೂ ಬೆಳಗೋದು), 8 ಸ್ಪಾಟ್ ಲೈಟು (ಟಾರ್ಚಿನ ಥರ ಒಂದೇ ಕಡೆ ಬೆಳಗೋದು) ಮಾತ್ರ ಬೀಳುತ್ತೆ. ನಂಗೆ ಇದು ಗೊತ್ತಿಲ್ದೆ ಅಡುಗೆ ಮನೆ ದೀಪ ಹಚ್ಚಿದ್ರೆ ಪಡಸಾಲೆ ದೀಪ ಆರಿಹೋಗ್ತಿತ್ತು, ಎರಡು ದಿನ ಕೋಡ್ ಹುಡುಕಿದೆ, ಆಮೇಲೆ ನೋಡಿದ್ರೆ ಕೋಡಿಂದು ಏನೂ ತಪ್ಪಿಲ್ಲ.

ಹೆಜ್ಜೆ 3: ಆಡೋನು

ಕ್ಯಾರೆಕ್ಟರ್‌ಬಾಡಿ3ಡಿ ನೋಡ್, ಅದರ ಕೆಳಗೆ ಕ್ಯಾಪ್ಸೂಲ್ ಆಕಾರದ ಕೊಲಿಷನ್ (ಗೋಡೆಗೆ ತಗುಲಿ ನಿಲ್ಲೋಕೆ ಬೇಕಾದ ಆಕಾರ), ಕ್ಯಾಮೆರಾ 1.55 ಮೀಟರ್ ಎತ್ತರದಲ್ಲಿ. ಕ್ಯಾಮೆರಾ ಕೆಳಗೆ ಎರಡು ಮಕ್ಕಳು, ಅಂದ್ರೆ ಅದಕ್ಕೆ ಸೇರಿದ ನೋಡ್‌ಗಳು: ಟಾರ್ಚಿಗೆ ಸ್ಪಾಟ್‌ಲೈಟ್3ಡಿ, ಮುಟ್ಟೋಕೆ 2 ಮೀಟರ್ ಉದ್ದದ ರೇಕ್ಯಾಸ್ಟ್3ಡಿ (ಎದುರಿಗೆ ಏನಿದೆ ಅಂತ ನೋಡೋ, ಕಣ್ಣಿಗೆ ಕಾಣದ ನೇರ ಗೆರೆ). ರೇಕ್ಯಾಸ್ಟ್ ಯಾವುದಕ್ಕೆ ತಗುಲುತ್ತೋ ಅದರಲ್ಲಿ 'ಮುಟ್ಟಿದಾಗ' ಅನ್ನೋ ಫಂಕ್ಷನ್ ಇದ್ರೆ ಕರೀರಿ, ಬಾಗಿಲು, ಬೀಗ, ಲಾಟೀನು ಎಲ್ಲದಕ್ಕೂ ಇದೊಂದೇ ವಿಧಾನ ಸಾಕು. ನಡಿಗೆ ಸೆಕೆಂಡಿಗೆ 2 ಮೀಟರ್, ಓಟ 3.2. ಜಾಸ್ತಿ ಕೊಟ್ರೆ ಮನೆ ಚಿಕ್ಕದಾಗ್ಬಿಡುತ್ತೆ.

ಈಗ ಹೊಸ್ತಿಲು ಸಮಸ್ಯೆ. ಗೊಡೋದ ಕ್ಯಾರೆಕ್ಟರ್‌ಬಾಡಿಗೆ ಮೆಟ್ಟಿಲು ಹತ್ತೋಕೆ ತಾನಾಗೇ ಬರಲ್ಲ, ನಮ್ಮ ಮನೆಗಳ ಮುಕ್ಕಾಲಡಿ ಹೊಸ್ತಿಲಿಗೆ ಬಂದು ಡಿಕ್ಕಿ ಹೊಡೆದು ನಿಂತ್ಕೊಳ್ಳುತ್ತೆ. ಹೊಸ್ತಿಲ ಎರಡೂ ಕಡೆ ಕಣ್ಣಿಗೆ ಕಾಣದ ಇಳಿಜಾರು ಕೊಲಿಷನ್ ಇಡಿ, ಮೆಟ್ಟಿಲಿಗೂ ಏಣಿಗೂ ಅದೇ. ಇಳಿಜಾರು 45 ಡಿಗ್ರಿ ಒಳಗಿರಲಿ, ಡೀಫಾಲ್ಟ್ ಲಿಮಿಟ್ ಅಷ್ಟೇ.

ಟಾರ್ಚು ಕ್ಯಾಮೆರಾದ ಮಗು ಆಗಿರೋದ್ರಿಂದ ತಾನಾಗೇ ಅದರ ಜೊತೆಗೇ ತಿರುಗುತ್ತೆ, ಹಂಗೇ ಬಿಡ್ಬೇಡಿ, ತಲೆ ತಿರುಗಿದ ಸ್ವಲ್ಪ ಹೊತ್ತಿಗೆ ಟಾರ್ಚು ಹಿಂಬಾಲಿಸೋ ಥರ ಲರ್ಪ್ ಮಾಡಿ (ಅಂದ್ರೆ ಒಂದೇ ಸಲ ತಿರುಗಿಸದೆ ಸ್ವಲ್ಪ ಸ್ವಲ್ಪವೇ ತಿರುಗಿಸೋದು). ಕತ್ತಲೆ ಮೂಲೆ ಕಡೆ ತಿರುಗಿದಾಗ ಆ ಅರೆ ಕ್ಷಣ ಏನೂ ಕಾಣಲ್ಲ ನೋಡಿ, ದುಡ್ಡಿಲ್ದೆ ಸಿಗೋ ಭಯ ಅದು.

ಹೆಜ್ಜೆ 4: ಕತ್ತಲು

ವರ್ಲ್ಡ್‌ಎನ್ವಿರಾನ್ಮೆಂಟ್ ನೋಡ್ ಹಾಕಿ, ಬ್ಯಾಕ್‌ಗ್ರೌಂಡ್ ಕಪ್ಪಿಗೆ ಹತ್ರದ ನೀಲಿ, ಆಂಬಿಯೆಂಟ್ ಲೈಟು (ಎಲ್ಲಾ ಕಡೆ ಹರಡಿರೋ ಬೆಳಕು) 0.05ರಿಂದ 0.1. ಪೂರ್ತಿ ಸೊನ್ನೆ ಮಾಡ್ಬೇಡಿ, ನಿಮ್ಮ ಸ್ಕ್ರೀನಲ್ಲಿ ಕಾಣೋದು ಇನ್ನೊಬ್ಬರ ಸ್ಕ್ರೀನಲ್ಲಿ ಕಾಣಲ್ಲ, ಏನೂ ಕಾಣದಿದ್ರೆ ಜನ ಹೆದರಲ್ಲ, ಬೈತಾರೆ. ಬ್ರೈಟ್‌ನೆಸ್ ಸ್ಲೈಡರ್ ಕೊಟ್ಬಿಡಿ. ಮಂಜಿನ ಬಣ್ಣನೂ ಬ್ಯಾಕ್‌ಗ್ರೌಂಡ್ ಬಣ್ಣನೂ ಒಂದೇ ಇರಲಿ.

ತೊಟ್ಟಿ ಮೇಲೆ ಬಯಲು ಅಲ್ವಾ, ಅಲ್ಲಿಂದ ಬೆಳದಿಂಗಳು ಬೀಳ್ಬೇಕು. ಡೈರೆಕ್ಷನಲ್ ಲೈಟ್ ಒಂದೇ ಒಂದು, ಸ್ವಲ್ಪ ನೀಲಿ, ನೆರಳು ಆನ್. ಇಡೀ ಮನೇಲಿ ಉಸಿರು ಬಿಡೋ ಜಾಗ ಇದೊಂದೇ, ಆಡೋನು ಪ್ರತಿ ರೂಮಿಂದ ಓಡಿ ಬಂದು ಇಲ್ಲೇ ನಿಲ್ತಾನೆ. ಅದಕ್ಕೇ ಮೊದಲ ಹತ್ತು ನಿಮಿಷ ಇಲ್ಲಿ ಏನೂ ಆಗಬಾರದು. ಹತ್ತು ನಿಮಿಷ ಆದ್ಮೇಲೆ ಮೋಡ ಕವಿದಂಗೆ ಆ ಲೈಟನ್ನ ನಿಧಾನಕ್ಕೆ ಇಳಿಸಿ.

ನೆರಳನ್ನ ಟಾರ್ಚಿಗೆ ಮತ್ತೆ ಈ ಚಂದ್ರನಿಗೆ ಮಾತ್ರ ಆನ್ ಮಾಡಿ. ಗೂಡಿನ ದೀಪಗಳಿಗೆಲ್ಲ ಓಮ್ನಿ ನೆರಳು ಕೊಟ್ರೆ ಲ್ಯಾಪ್‌ಟಾಪ್ ಫ್ಯಾನು ರಾಗಿ ಮಿಲ್ಲಾಗುತ್ತೆ.

ಹೆಜ್ಜೆ 5: ಶಬ್ದ (ಇಲ್ಲಿ ಟೈಮ್ ಕೊಡಿ)

ನನ್ನ ಕೇಳಿದ್ರೆ ಅರ್ಧ ಗೇಮ್ ಇದೇ. ಡೌನ್‌ಲೋಡ್ ಮಾಡಿದ ಕಿರುಚಾಟ, ಪಿಯಾನೋ ಎಲ್ಲಾ ಬಿಟ್ಟಾಕಿ. ಫೋನ್ ತಗೊಂಡು ರಾತ್ರಿ ಹತ್ತರ ಮೇಲೆ ಕೂರಿ, ಫ್ಯಾನು ಫ್ರಿಜ್ಜು ಆಫ್, ರೆಕಾರ್ಡರ್ ಆಪಲ್ಲಿ ನಾಯ್ಸ್ ರಿಡಕ್ಷನ್ ಇದ್ರೆ ಅದೂ ಆಫ್. ಮೊದಲು ಪ್ರತಿ ರೂಮಲ್ಲೂ ಸುಮ್ನೆ ಒಂದೊಂದು ನಿಮಿಷ ಏನೂ ಮಾಡ್ದೆ ರೆಕಾರ್ಡ್ ಮಾಡಿ, ಖಾಲಿ ರೂಮಿಗೂ ಒಂದು ಶಬ್ದ ಇರುತ್ತೆ, ಅಡುಗೆ ಮನೆದು ಬೇರೆ ಅಟ್ಟದ್ದು ಬೇರೆ.

ನಾನು ಹಿಡಿದಿದ್ದು: ತಲೆಬಾಗಿಲ ಅಗುಳಿ ಎಳೆಯೋದು, ಬಾವಿ ರಾಟೆ ಕಿರ್ರ್ ಅನ್ನೋದು, ಹಲ್ಲಿ ಲೊಚಗುಟ್ಟೋದು, ಬಿಂದಿಗೆ ಮೇಲಿನ ತಟ್ಟೆ ಅಲ್ಲಾಡೋದು, ದೂರದಲ್ಲಿ ಅರಸೀಕೆರೆ ಕಡೆ ಹೋಗೋ ರೈಲಿನ ಹಾರ್ನು, ಮತ್ತೆ ಕೊಬ್ಬರಿ. ಕೊಬ್ಬರಿಗೆ ಹದಿನೈದು ಇಪ್ಪತ್ತು ಟೇಕ್ ತಗೊಳಿ: ಒಂದೇ ಕಾಯಿ ಹಲಗೆ ಮೇಲೆ ಉರುಳೋದು, ರಾಶಿ ಜಾರೋದು, ಕೈಯಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸೋದು. ಆ ಕೊನೇದು ಬೇಕೇ ಬೇಕು, ಯಾಕಂದ್ರೆ ಇಲಿ ಕಾಯಿ ಉರುಳಿಸಬಹುದು ಆದ್ರೆ ಕೈಯಲ್ಲಿ ಹಿಡಿದು ಅಲ್ಲಾಡಿಸಲ್ಲ. ಆಡೋನು ಮೊದಮೊದಲು ಇಲಿ ಅನ್ಕೊಂಡಿರ್ತಾನೆ, ಆ ಶಬ್ದ ಬಂದಾಗ ಅವನ ಲೆಕ್ಕ ತಪ್ಪುತ್ತೆ.

ಚಿಕ್ಕ ಶಬ್ದ ವೇವ್ ಫೈಲಲ್ಲಿ, ಉದ್ದದ ಜೀರುಂಡೆ ಗಾಳಿ ಎಲ್ಲಾ ಓಜಿಜಿಯಲ್ಲಿ. ಲೂಪ್ ಆಗ್ಬೇಕಾದ್ದಕ್ಕೆ ಇಂಪೋರ್ಟ್ ಟ್ಯಾಬಿಗೆ ಹೋಗಿ ಲೂಪ್ ಟಿಕ್ ಮಾಡಿ ರೀಇಂಪೋರ್ಟ್ ಒತ್ತಿ, ಇದನ್ನ ಮರೆಯೋದು ಎಲ್ಲರಿಗೂ ಮಾಮೂಲಿ. ಹೆಜ್ಜೆ ಶಬ್ದಕ್ಕೆ ಆಡಿಯೋಸ್ಟ್ರೀಮ್‌ರ‍್ಯಾಂಡಮೈಸರ್ ಬಳಸಿ, ನಾಲ್ಕೈದು ಟೇಕ್ ಕೊಟ್ರೆ ಪಿಚ್ ಏರಿಳಿಸಿ ಅದೇ ಕಲಸಿ ಕೊಡುತ್ತೆ.

ಶಬ್ದ ಬರೋ ಜಾಗಕ್ಕೆ ಆಡಿಯೋಸ್ಟ್ರೀಮ್‌ಪ್ಲೇಯರ್3ಡಿ ಇಡಿ. ಎಡ ಬಲ, ಹತ್ರ ದೂರ ಚೆನ್ನಾಗಿ ಗೊತ್ತಾಗುತ್ತೆ, ಆದ್ರೆ ಮೇಲೆ ಕೆಳಗೆ ಗೊತ್ತಾಗಲ್ಲ, ಗೊಡೋದಲ್ಲಿ ಅದಕ್ಕೆ ಬೇಕಾದ ಸೌಂಡ್ ಪ್ರಾಸೆಸಿಂಗ್ ಒಳಗೇ ಕೊಟ್ಟಿಲ್ಲ. ಅಟ್ಟದ ಶಬ್ದ ತಲೆ ಮೇಲಿಂದ ಬಂತು ಅಂತ ಆಡೋನಿಗೆ ತಿಳಿಯೋದು ಹೆಂಗೆ? ಎರಡು ಉಪಾಯ. ಒಂದು, ಆ ಶಬ್ದಗಳನ್ನ ಬೇರೆ ಆಡಿಯೋ ಬಸ್ಸಿಗೆ (ಒಂದು ಗುಂಪಿನ ಶಬ್ದಗಳೆಲ್ಲ ಹಾದುಹೋಗೋ ದಾರಿ) ಹಾಕಿ ಲೋ ಪಾಸ್ ಫಿಲ್ಟರ್ ಕೊಡಿ, ಹಲಗೆ ಆಚೆಯಿಂದ ಬಂದಂಗೆ ಮಂಕಾಗುತ್ತೆ. ಎರಡನೇದು ಇದಕ್ಕಿಂತ ಮಸ್ತು: ಶಬ್ದ ಆದ ಜಾಗದಲ್ಲೇ ಹಲಗೆ ಸಂದಿಯಿಂದ ಒಂದು ಚಿಟಿಕೆ ಧೂಳು ಉದುರಿಸಿ, ಪಾರ್ಟಿಕಲ್ ಇಪ್ಪತ್ತು ಸಾಕು. ಧೂಳು ಟಾರ್ಚ್ ಬೆಳಕಲ್ಲಿ ಬೀಳ್ತಾ ಬೀಳ್ತಾ ಮುಂದೆ ಮುಂದೆ ಹೋಗ್ತಿದ್ರೆ ಮೇಲೆ ಯಾರೋ ನಡೀತಿದಾರೆ ಅಂತ ಬಾಯಿಬಿಟ್ಟು ಹೇಳೋದೇ ಬೇಡ.

ಇನ್ನೊಂದು. ದೆವ್ವ ಹತ್ರ ಬಂದಾಗ ಮ್ಯೂಸಿಕ್ ಹಾಕ್ಬೇಡಿ, ಜೀರುಂಡೆ ನಿಲ್ಲಿಸಿ. ಜೀರುಂಡೆ ಬಸ್ಸಿನ ವಾಲ್ಯೂಮನ್ನ ಎರಡು ಸೆಕೆಂಡಲ್ಲಿ ಕೆಳಗಿಳಿಸಿ, ಅಷ್ಟೇ. ತೋಟದ ಮನೇಲಿ ಇದ್ದೋರಿಗೆ ಆ ಮೌನ ಏನು ಅಂತ ಗೊತ್ತು. ಜೋರು ಶಬ್ದದಿಂದ ಬೆಚ್ಚಿಬೀಳಿಸೋದು ಇಡೀ ಗೇಮಿಗೆ ಒಂದೇ ಸಲ, ಅದಕ್ಕೂ ಮಾಸ್ಟರ್ ಬಸ್ಸಿಗೆ ಲಿಮಿಟರ್ (ಶಬ್ದ ಒಂದು ಮಟ್ಟ ಮೀರದಂಗೆ ತಡೆಯೋದು) ಹಾಕಿ, ಜನರ ಕಿವಿ ಹೋಗೋದು ಬೇಡ.

ಹೆಜ್ಜೆ 6: ಬಾಗಿಲು, ಬೀಗ, ಹಗೇವು

ಬಾಗಿಲಿಗೆ ಅನಿಮೇಟಬಲ್‌ಬಾಡಿ3ಡಿ. ತಿರುಗೋ ಬಿಂದು ಬಾಗಿಲ ಮಧ್ಯೆ ಇರದೆ ಕೀಲಿನ ಜಾಗದಲ್ಲಿರಲಿ, ಅದಕ್ಕೆ ಕೀಲಿನ ಜಾಗದಲ್ಲಿ ಒಂದು ಖಾಲಿ ನೋಡ್ ಇಟ್ಟು ಬಾಗಿಲನ್ನ ಅದರ ಮಗು ಮಾಡಿ ಆ ನೋಡನ್ನ ತಿರುಗಿಸಿ. 1996ರ 'ರೆಸಿಡೆಂಟ್ ಈವಿಲ್'ನಲ್ಲಿ ಪ್ರತಿ ಸಲ ಬಾಗಿಲು ನಿಧಾನಕ್ಕೆ ತೆರೆಯೋದನ್ನ ತೋರಿಸ್ತಿದ್ರಲ್ಲ, ಅದು ಲೋಡಿಂಗ್ ಮುಚ್ಚಿಡೋ ಪರದೆ, ಆದ್ರೆ ಜನರಿಗೆ ನೆನಪಿರೋದು ಆ ಬಾಗಿಲೇ. ನಮ್ಮ ಗೇಮಿಗೆ ಲೋಡಿಂಗ್ ಏನಿಲ್ಲ, ಆದ್ರೂ ಬಾಗಿಲು ತೆರೆಯೋಕೆ ಎರಡೂವರೆ ಸೆಕೆಂಡ್ ತಗೊಳ್ಳಿ.

ಈಗ ಪಜಲ್. ಪಿಯಾನೋ ಬಾರಿಸೋದು, ಪ್ರತಿಮೆ ತಿರುಗಿಸೋದು ಎಲ್ಲಾ ಬೇಡ, ನಮ್ಮ ಮನೇಲೇ ಬೇಕಾದಷ್ಟಿದೆ. ನನ್ನ ಗೇಮಿನ ಮುಖ್ಯ ಪಜಲ್ ಹಗೇವು. ಹಳೇ ಮೈಸೂರು ಕಡೆ ರಾಗಿ ತುಂಬಿಡ್ತಿದ್ದ ನೆಲದೊಳಗಿನ ಕಣಜ ಅದು, ಬಾಯಿ ಕಿರಿದು ಹೊಟ್ಟೆ ದೊಡ್ಡದು, ಮೇಲೆ ಚಪ್ಪಡಿ ಮುಚ್ಚಿರ್ತಾರೆ. ಮುಚ್ಚಿದ ಹಗೇವಿನೊಳಗೆ ಕೆಟ್ಟ ಗಾಳಿ ತುಂಬಿರುತ್ತೆ, ತೆಗೆದ ತಕ್ಷಣ ಇಳಿದ್ರೆ ಉಸಿರು ಕಟ್ಟಿ ಪ್ರಾಣ ಹೋಗುತ್ತೆ, ಅದಕ್ಕೇ ಚಪ್ಪಡಿ ಸರಿಸಿ ಬಹಳ ಹೊತ್ತು ಬಿಟ್ಟು ದೀಪ ಇಳಿಬಿಟ್ಟು ನೋಡ್ತಿದ್ರು. ಅಜ್ಜಿ ಮಾತಲ್ಲೇ ಹೇಳೋದಾದ್ರೆ "ದೀಪ ಆರೋದ್ರೆ ನೀನೂ ಆರೋಗ್ತೀಯ". (ನಿಜವಾದ ಹಗೇವಿಗೆ ಯಾರೂ ಇಳಿಯೋಕೆ ಹೋಗ್ಬೇಡಿ ಮತ್ತೆ, ದೀಪ ಉರಿದ್ರೂ ಸರಿ. ಇದು ಗೇಮ್.)

ಮಾಡೋದು ಹೀಗೆ. ಚಪ್ಪಡಿ ಮುಟ್ಟಿದಾಗ ಅದು ಜರುಗೋ ಶಬ್ದ ಜೋರಾಗಿ ಬರ್ಲಿ, ಜೊತೆಗೆ 120 ಸೆಕೆಂಡಿನ ಟೈಮರ್ ಶುರು. ಲಾಟೀನನ್ನ ಹಗ್ಗಕ್ಕೆ ಕಟ್ಟಿ ಇಳಿಸಿದಾಗ ಟೈಮರ್ ಇನ್ನೂ ಮುಗಿದಿಲ್ಲ ಅಂದ್ರೆ, ಕೆಳಗೆ ಹೋದಷ್ಟೂ ಓಮ್ನಿಲೈಟಿನ ಎನರ್ಜಿ ಕಮ್ಮಿ ಮಾಡ್ತಾ ಬಂದು ಆರಿಸ್ಬಿಡಿ. ಟೈಮರ್ ಮುಗಿದಿದ್ರೆ ದೀಪ ಉರೀತಿರ್ಲಿ. ಅವಸರ ಪಟ್ಟು ಇಳಿದ್ರೆ ಸ್ಕ್ರೀನ್ ಕಪ್ಪು, ಗೇಮ್ ಓವರ್. ಇದರ ನಿಜವಾದ ಮಜಾ ಎಲ್ಲಿ ಅಂದ್ರೆ, ಚಪ್ಪಡಿ ಶಬ್ದಕ್ಕೆ ದೆವ್ವ ಹೊರಟು ಬರ್ತಿದೆ, ಕೆಳಗೆ ಇಳಿಯೋ ಹಂಗಿಲ್ಲ, ದೂರ ಹೋದ್ರೆ ದೀಪ ನೋಡೋ ಹಂಗಿಲ್ಲ, ಎರಡು ನಿಮಿಷ ಆ ಬಾಯಿ ಪಕ್ಕದಲ್ಲೇ ಕತ್ತಲಲ್ಲಿ ಕೂತಿರ್ಬೇಕು. ಸುಳಿವನ್ನ ಚೀಟಿ ಬರೆದು ಕೊಡ್ಬೇಡಿ, ಅಡುಗೆ ಮನೇಲಿ ಹಗ್ಗ ಕಟ್ಟಿದ ಲಾಟೀನು ನೇತುಹಾಕಿ ಸಾಕು, ಹಗ್ಗ ಯಾಕೆ ಅಂತ ಅವರೇ ಯೋಚನೆ ಮಾಡ್ಲಿ.

ಹೆಜ್ಜೆ 7: ಈಗ ದೆವ್ವ

ಫೋಲ್ಡರಿಂದ ಆ ಅತ್ತೆನ ವಾಪಸ್ ತನ್ನಿ. ನಂದು ಮೂರೇ ಸ್ಥಿತಿ: ಅಲೆಯೋದು, ಶಬ್ದ ಬಂದ ಕಡೆ ಹೋಗಿ ನೋಡೋದು, ಬೆನ್ನಟ್ಟೋದು. ಆಡೋನ ಪ್ರತಿ ಹೆಜ್ಜೆಗೂ ಒಂದು ಶಬ್ದದ ದೂರ ಕೊಡಿ, ಕೂತು ಸರಿದ್ರೆ 1 ಮೀಟರ್, ನಡೆದ್ರೆ 3, ಓಡಿದ್ರೆ 9, ಚಪ್ಪಡಿಗೆ ಇಡೀ ಮನೆ. ದೆವ್ವ ಆ ದೂರದೊಳಗಿದ್ರೆ ಆ ಜಾಗನ ನೆನಪಿಟ್ಕೊಂಡು ಅಲ್ಲಿಗೆ ಬರುತ್ತೆ, ಬಂದಾಗ ರೇಕ್ಯಾಸ್ಟಲ್ಲಿ ನೇರವಾಗಿ ಆಡೋನು ಕಂಡ್ರೆ ಬೆನ್ನಟ್ಟುತ್ತೆ, ಐದು ಸೆಕೆಂಡ್ ಕಾಣದಿದ್ರೆ ಮತ್ತೆ ಅಲೆದಾಟ. ಬೆನ್ನಟ್ಟೋ ವೇಗ 3, ಅಂದ್ರೆ ಓಡಿದ್ರೆ ಕೂದಲೆಳೆಯಲ್ಲಿ ತಪ್ಪಿಸ್ಕೋಬಹುದು, ಆದ್ರೆ ಓಡಿದ ಶಬ್ದ ಇನ್ನೂ ದೂರಕ್ಕೆ ಕೇಳುತ್ತೆ.

ದಾರಿ ಹುಡುಕೋಕೆ ನ್ಯಾವಿಗೇಷನ್‌ರೀಜನ್3ಡಿ ಕೆಳಗೆ ಮನೆ ಇಟ್ಟು ಬೇಕ್ ಮಾಡಿ (ಎಲ್ಲೆಲ್ಲಿ ನಡೀಬಹುದು ಅಂತ ಮೊದಲೇ ಲೆಕ್ಕ ಹಾಕಿಸಿಡೋದು), ದೆವ್ವಕ್ಕೆ ನ್ಯಾವಿಗೇಷನ್‌ಏಜೆಂಟ್3ಡಿ ಕೊಡಿ. ಬಾಗಿಲುಗಳನ್ನ ಆ ರೀಜನ್ ಹೊರಗಿಡಿ, ಇಲ್ದಿದ್ರೆ ಮುಚ್ಚಿದ ಬಾಗಿಲು ಗೋಡೆ ಥರ ಬೇಕ್ ಆಗಿ ದಾರಿನೇ ಸಿಗಲ್ಲ. ಗೇಮ್ ಶುರುವಾದ ಮೊದಲ ಫ್ರೇಮಲ್ಲೇ ಗುರಿ ಕೊಟ್ರೆ ಮ್ಯಾಪ್ ಇನ್ನೂ ರೆಡಿ ಇರಲ್ಲ, ಒಂದು ಫಿಸಿಕ್ಸ್ ಫ್ರೇಮ್ ಕಾದು ಕೊಡಿ.

ಇದೆಲ್ಲಾ ಮಾಡಿದ್ರೂ ನನ್ನ ದೆವ್ವ ನಡುಮನೆ ಬಿಟ್ಟು ಆಚೆ ಬರ್ಲೇ ಇಲ್ಲ. ಬಾಗಿಲ ಹತ್ರ ಬಂದು ನಿಂತ್ಕೊಂಡು ನೋಡ್ತಿತ್ತು. ಕಾರಣ ಎರಡಿತ್ತು. ನ್ಯಾವಿಗೇಷನ್ ಮೆಶ್‌ನ ಏಜೆಂಟ್ ರೇಡಿಯಸ್ ಡೀಫಾಲ್ಟ್ 0.5 ಮೀಟರ್, ಅಂದ್ರೆ ಎರಡೂ ಕಡೆ ಅರ್ಧರ್ಧ ಮೀಟರ್ ಬಿಡುತ್ತೆ, ನಮ್ಮ ಬಾಗಿಲ ಅಗಲನೇ 80 ಸೆಂಟಿಮೀಟರ್, ಇನ್ನೆಲ್ಲಿ ದಾರಿ. ಸೆಲ್ ಸೈಜ್ (ದಾರಿ ಲೆಕ್ಕ ಹಾಕೋ ಚೌಕದ ಅಳತೆ) 0.1, ರೇಡಿಯಸ್ 0.3 ಮಾಡಿ, ಸೆಲ್ ಸೈಜನ್ನ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನ ನ್ಯಾವಿಗೇಷನ್ ಭಾಗದಲ್ಲೂ ಅಷ್ಟೇ ಇಡಿ, ಬೇರೆ ಬೇರೆ ಇದ್ರೆ ವಾರ್ನಿಂಗ್ ಕೊಡುತ್ತೆ. ಎರಡನೇದು ಮತ್ತದೇ ಹೊಸ್ತಿಲು: ಏಜೆಂಟ್ ಹತ್ತಬಹುದಾದ ಎತ್ತರದ ಡೀಫಾಲ್ಟ್ 0.25, ದೇವರ ಮನೆ ಹೊಸ್ತಿಲು ಅದಕ್ಕಿಂತ ಎತ್ತರ.

ರೇಡಿಯಸ್ ಸರಿ ಮಾಡಿದೆ, ದೇವರ ಮನೆ ಹೊಸ್ತಿಲನ್ನ ಮಾತ್ರ ಹಂಗೇ ಬಿಟ್ಟೆ. ಅರಿಶಿನ ಕುಂಕುಮ ಹಚ್ಚಿದ ಹೊಸ್ತಿಲನ್ನ ಅದು ದಾಟಲ್ಲ ಅಂತ ಅಜ್ಜಿನೂ ಹೇಳ್ತಾರಲ್ಲ, ಕೋಡಿನ ದೋಷನೇ ಗೇಮಿನ ರೂಲ್ ಆಯ್ತು. ಆಡೋನಿಗೆ ಒಂದು ಸುರಕ್ಷಿತ ಜಾಗ, ಸೇವ್ ಪಾಯಿಂಟ್ ಕೂಡ ಅಲ್ಲೇ, ದೀಪ ಹಚ್ಚಿದ್ರೆ ಸೇವ್. ದೆವ್ವ ಹೊಸ್ತಿಲಾಚೆ ನಿಂತು ಸುಮ್ನೆ ನೋಡೋದು ಬೆನ್ನಟ್ಟೋದಕ್ಕಿಂತ ಭಯಂಕರವಾಗಿದೆ, ಬೇಕಂತ ಮಾಡಿದ್ರೂ ಇಷ್ಟು ಚೆನ್ನಾಗಿ ಬರ್ತಿರ್ಲಿಲ್ಲ.

ಆಯುಧ ಕೊಡ್ಬೇಡಿ. ಬದಲಿಗೆ ನಾನು ಮೂರು ಚಾಕ್‌ಪೀಸ್ ಕೊಟ್ಟಿದೀನಿ. ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಊರೂರ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿದ್ರಲ್ಲ, ರಾತ್ರಿ ಗೊತ್ತಿರೋರ ದನೀಲಿ ಹೆಸರು ಕರೆಯುತ್ತೆ, ಓಗೊಟ್ಟು ಬಾಗಿಲು ತೆಗೆದ್ರೆ ಮುಗೀತು, ಬರೆದಿದ್ರೆ ಓದ್ಕೊಂಡು ವಾಪಸ್ ಹೋಗುತ್ತೆ ಅಂತ. ಬಾಗಿಲು ಮುಚ್ಚಿ ಚಾಕ್ ಬಳಸಿದ್ರೆ ಬಾಗಿಲ ಮೇಲೆ ಲೇಬಲ್3ಡಿಯಲ್ಲಿ ಆ ಅಕ್ಷರ ಕಾಣಿಸಿ, ಆ ಬಾಗಿಲಿಗೆ 'ಬರೆದಿದೆ' ಅನ್ನೋ ಗುರುತು ಹಾಕಿ. ದೆವ್ವ ಅಲ್ಲಿಗೆ ಬಂದಾಗ ಗುರುತು ಇದ್ರೆ ನಾಲ್ಕು ಸೆಕೆಂಡ್ ನಿಂತು ತಿರುಗಿ ಹೋಗ್ಲಿ. ಒಂದು ಬಾಗಿಲಿಗೆ ಒಂದೇ ಸಲ, ಎರಡನೇ ಸಲ ಬಂದ್ರೆ ಅಕ್ಷರ ಅಳಿಸಿರುತ್ತೆ. ಅದು ಕೊಟ್ಟ ಮಾತು ನಾಳೆವರೆಗೆ ಅಷ್ಟೇ ಅಲ್ವಾ.

ಮುಖ ತೋರಿಸೋದು ಇಡೀ ಆಟಕ್ಕೆ ನಾಲ್ಕೈದು ಸಲ ಸಾಕು. ಉಳಿದದ್ದು ಕಾಲಂದುಗೆ, ಧೂಳು, ಜೀರುಂಡೆ ನಿಲ್ಲೋದು.

ಹೆಜ್ಜೆ 8: ಕನ್ನಡ ಅಕ್ಷರ

ಗೊಡೋ 3ರಲ್ಲಿ ಒತ್ತಕ್ಷರ ಒಡೆದು ಚೂರುಚೂರಾಗಿ ಬರ್ತಿತ್ತು, 4ರಲ್ಲಿ ಹಾರ್ಫ್‌ಬಝ್ (ಅಕ್ಷರ ಜೋಡಿಸೋ ಲೈಬ್ರರಿ) ಬಂದ ಮೇಲೆ ಸರಿಯಾಗಿ ಕೂರುತ್ತೆ. ಆದ್ರೆ ಗೊಡೋ ಜೊತೆ ಬರೋ ಫಾಂಟಲ್ಲಿ ಕನ್ನಡ ಇಲ್ಲ. ನಿಮ್ಮ ಕಂಪ್ಯೂಟರಲ್ಲಿ ಸಿಸ್ಟಮ್ ಫಾಂಟ್ ತಗೊಂಡು ತೋರಿಸ್ಬಿಡುತ್ತೆ, ನೀವು ಎಲ್ಲಾ ಸರಿ ಇದೆ ಅನ್ಕೋತೀರ, ಬ್ರೌಸರಿಗೆ ಹಾಕಿದ್ರೆ ಬರೀ ಡಬ್ಬ ಡಬ್ಬ. ನೋಟೋ ಸಾನ್ಸ್ ಕನ್ನಡ ಫಾಂಟ್ ಪ್ರಾಜೆಕ್ಟೊಳಗೇ ಹಾಕಿ ಥೀಮಲ್ಲಿ ಡೀಫಾಲ್ಟ್ ಮಾಡಿ, ಬಾಗಿಲ ಮೇಲಿನ ಲೇಬಲ್‌ಗೂ ಅದನ್ನೇ ಕೊಡಿ.

ಹೆಜ್ಜೆ 9: ಆಡಿಸಿ ನೋಡಿ, ಬಾಯಿ ಮುಚ್ಕೊಂಡಿರಿ

ಇದುವರೆಗೂ ಗೇಮ್ ನೋಡದೇ ಇರೋರನ್ನ ಕೂರಿಸಿ, ಹೆಡ್‌ಫೋನ್ ಕೊಟ್ಟು ಪಕ್ಕದಲ್ಲಿ ನೋಟ್‌ಬುಕ್ ಹಿಡ್ಕೊಂಡು ಕೂರಿ. "ಎಡಕ್ಕೆ ಹೋಗು", "ಅದನ್ನ ಮುಟ್ಟು" ಅಂತ ಒಂದು ಮಾತೂ ಆಡ್ಬೇಡಿ, ಕಷ್ಟ ಆದ್ರೂ ಆಡ್ಬೇಡಿ. ಎಲ್ಲಿ ನಿಂತ್ರು, ಎಲ್ಲಿ ಹೆಡ್‌ಫೋನ್ ಒಂದು ಕಿವಿಯಿಂದ ತೆಗೆದ್ರು, ಎಲ್ಲಿ ಫೋನ್ ನೋಡಿದ್ರು ಅಂತ ಬರ್ಕೊಳಿ. ಫೋನ್ ನೋಡಿದ ಜಾಗ ಕತ್ತರಿಸಿ ಬಿಸಾಕಿ.

ನಮ್ಮ ಅಜ್ಜಿಗೂ ಹೆಡ್‌ಫೋನ್ ಹಾಕಿದ್ದೆ. ಅಟ್ಟದ ಶಬ್ದ ಬಂದ ತಕ್ಷಣ ಹೆಡ್‌ಫೋನ್ ಕಿತ್ತು ನಿಜವಾದ ಅಟ್ಟದ ಕಡೆ ನೋಡಿ "ಬೆಕ್ಕನ್ನ ಒಳೀಕ್ ಬುಡ್ಲಾ" ಅಂದ್ರು. ಆ ಟೇಕ್ ನಂಬರ್ 11, ಅದನ್ನೇ ಫೈನಲ್ ಮಾಡಿದೆ.

ಹೆಜ್ಜೆ 10: ಹೊರಗೆ ಬಿಡೋದು

ಎಕ್ಸ್‌ಪೋರ್ಟ್ ಮೆನುಗೆ ಹೋದ್ರೆ ಮೊದಲ ಸಲ ಟೆಂಪ್ಲೇಟ್ ಡೌನ್‌ಲೋಡ್ ಮಾಡಿ ಅನ್ನುತ್ತೆ, ದೊಡ್ಡ ಫೈಲು, ವೈಫೈ ಇರೋ ಕಡೆ ಮಾಡ್ಕೊಳಿ. ಬ್ರೌಸರಿಗೆ ಆದ್ರೆ ವೆಬ್ ಪ್ರೀಸೆಟ್, ಹೆಸರು ಇಂಡೆಕ್ಸ್ ಅಂತಲೇ ಇರಲಿ, ಎಲ್ಲಾ ಫೈಲು ಜಿಪ್ ಮಾಡಿ ಇಚ್.ಐಓ ಅನ್ನೋ ಗೇಮ್ ಸೈಟಿಗೆ ಹಾಕಿ, ಬ್ರೌಸರಲ್ಲಿ ಆಡಿಸೋ ಆಯ್ಕೆ ಟಿಕ್ ಮಾಡಿ. 4.3 ಅಥವಾ ಅದಕ್ಕಿಂತ ಹೊಸದು ಬಳಸಿ, ಅದಕ್ಕೂ ಹಳೇ 4ರಲ್ಲಿ ವೆಬ್ ಗೇಮಿಗೆ ಸರ್ವರಲ್ಲಿ ಬೇರೆ ಸೆಟ್ಟಿಂಗ್ ಬೇಕಿತ್ತು. ಆಡೋನು ಒಂದು ಸಲ ಕ್ಲಿಕ್ ಮಾಡೋವರೆಗೂ ಬ್ರೌಸರ್ ಶಬ್ದ ಬಿಡಲ್ಲ, ಅದಕ್ಕೆ ಶುರುವಲ್ಲಿ "ಅಗುಳಿ ತೆಗೆಯಿರಿ" ಅನ್ನೋ ಒಂದು ಬಟನ್ ಇಡಿ.

ವಿಂಡೋಸ್ ಫೈಲ್ ಆದ್ರೆ ಸೈನ್ ಮಾಡದ ಪ್ರೋಗ್ರಾಮ್ ಅಂತ ಸ್ಮಾರ್ಟ್‌ಸ್ಕ್ರೀನ್ ನೀಲಿ ಪರದೆ ತೋರಿಸುತ್ತೆ, ಮೋರ್ ಇನ್ಫೋ ಒತ್ತಿ ರನ್ ಎನಿವೇ ಒತ್ಬೇಕು ಅಂತ ಕಳಿಸುವಾಗ್ಲೇ ಬರೆದುಬಿಡಿ. ನಾನು ಬರೀದೆ ಕಳಿಸಿದ್ದಕ್ಕೆ ಚಿಕ್ಕಪ್ಪನ ಮಗ ಆ ನೀಲಿ ಪರದೆನೇ ಗೇಮಿನ ಮೊದಲ ಸೀನು ಅನ್ಕೊಂಡು, ಲೈಟೆಲ್ಲಾ ಆರಿಸಿ ಹೆಡ್‌ಫೋನ್ ಹಾಕ್ಕೊಂಡು ಹತ್ತು ನಿಮಿಷ ಅದನ್ನೇ ನೋಡ್ತಾ ಕೂತಿದ್ದ.